ತೊಗರಿ ಹೂವಿಗೆ ಬಂತು: ಎಲೆಗೆ ಯೂರಿಯಾನಾ, ಡಿಎಪಿನಾ, ಪಲ್ಸ್ ಮ್ಯಾಜಿಕ್ಕಾ, ನ್ಯಾನೊನಾ?

ಸೀಗಿ ಹುಣ್ಣಿಮೆ ಹತ್ತಿರ ಬಂದರೆ ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಕಡೆ ಹೊಲದಿಂದ ಹೊಲಕ್ಕೆ ಒಂದೇ ಮಾತು: "ತೊಗರಿಗೆ ಏನು ಹೊಡೆದ್ರಿ?" ಕೀಡಿಗೆ, ಅಂದರೆ ಹುಳಕ್ಕೆ, ಯಾವ ಎಣ್ಣೆ ಹೊಡೆಯಬೇಕು ಅನ್ನೋದು ಬಹಳ ಜನಕ್ಕೆ ಗೊತ್ತು. ಇಲ್ಲಿ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನೋದು. ಗೊಂದಲ ಇರೋದು ಗೊಬ್ಬರದ್ದು. ಒಬ್ಬರು ಯೂರಿಯಾ ಕರಗಿಸಿ ಹೊಡೆಯುತ್ತಾರೆ. ಇನ್ನೊಬ್ಬರು ರಾತ್ರಿ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರ ನೆನೆಹಾಕುತ್ತಾರೆ. ಮತ್ತೊಬ್ಬರು ಅಂಗಡಿಯಿಂದ ಬಾಟಲಿ ತಂದು ನೀರಿಗೆ ಎರಡು ಮುಚ್ಚಳ ಸುರಿಯುತ್ತಾರೆ. ಎಲ್ಲರೂ ಹೇಳೋದು ಒಂದೇ: "ಹಸಿರಾಯ್ತು ನೋಡ್ರಿ."

ಹಸಿರಾಗೋದು ಬೇರೆ, ಕಾಯಿ ಕಟ್ಟೋದು ಬೇರೆ. ನಾನು ಈ ಸಿಂಪಡಣೆಗಳನ್ನೆಲ್ಲ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಒಂದಲ್ಲ ಒಂದು ವರ್ಷ ಮಾಡಿ ನೋಡಿದ್ದೇನೆ. ಒಂದು ವರ್ಷ ಎಲೆ ಸುಟ್ಟುಕೊಂಡೂ ನೋಡಿದ್ದೇನೆ. ಈಗ ಯಾರು ಕೇಳಿದರೂ ಮೊದಲು ಒಂದೇ ಮಾತು ಹೇಳುತ್ತೇನೆ. ಹೆಸರು ನೋಡಬೇಡಿ, ಎಕರೆಗೆ ಎಷ್ಟು ಗ್ರಾಂ ಸಾರಜನಕ ಹೋಗುತ್ತದೆ ಅಂತ ಲೆಕ್ಕ ಹಾಕಿ. ಆ ಲೆಕ್ಕ ಬಂದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಬೇರು ಇರುವಾಗ ಎಲೆಗೆ ಯಾಕೆ?

ಆಗಸ್ಟ್‌ನಲ್ಲಿ ಒಂದು ತೊಗರಿ ಗಿಡವನ್ನು ಮಣ್ಣು ಸಮೇತ ಎಬ್ಬಿಸಿ ನೋಡಿ. ಬೇರಿಗೆ ಸಣ್ಣ ಸಣ್ಣ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಗಂಟು ದುಡಿಯುತ್ತಿದೆ ಅಂತ ಅರ್ಥ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ಅದೇ ಹೊಲದಲ್ಲಿ ಹೂ ತುಂಬಿದ ಮೇಲೆ ಇನ್ನೊಂದು ಗಿಡ ಎಬ್ಬಿಸಿ. ಬಹಳಷ್ಟು ಗಂಟು ಕಂದಾಗಿ, ಟೊಳ್ಳಾಗಿ, ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತವೆ. ಗಿಡ ತನ್ನ ಶಕ್ತಿಯನ್ನೆಲ್ಲ ಹೂವಿಗೆ, ಕಾಯಿಗೆ ಕಳಿಸಲು ಶುರು ಮಾಡಿದೆ. ಗಂಟಿಗೆ ಊಟ ಕಡಿಮೆಯಾಗಿದೆ.

ಇದೇ ಹೊತ್ತಿಗೆ ನಮ್ಮ ಕಡೆ ಮಳೆ ನಿಲ್ಲುತ್ತದೆ. ಎರೆ ಭೂಮಿ ಬಿರುಕು ಬಿಡುತ್ತದೆ. ತೊಗರಿಯ ತಾಯಿ ಬೇರು ಆಳಕ್ಕೆ ಹೋಗಿ ನೀರೇನೋ ಕುಡಿಯುತ್ತದೆ. ಆದರೆ ಗೊಬ್ಬರ ಇರೋದು ಮೇಲಿನ ಪದರದಲ್ಲಿ. ಆ ಪದರ ಒಣಗಿದರೆ ಗೊಬ್ಬರ ಇದ್ದೂ ಇಲ್ಲದಂತೆ.

ಬೇಕಾಗೋದು ಎಷ್ಟು? ತೊಗರಿ ಕಾಳಿನಲ್ಲಿ ನೂರಕ್ಕೆ 20ರಿಂದ 22ರಷ್ಟು ಪ್ರೋಟೀನ್ ಇರುತ್ತದೆ. ಲೆಕ್ಕ ಹಾಕಿದರೆ ಒಂದು ಕ್ವಿಂಟಲ್ ಕಾಳಿನಲ್ಲಿ ಸುಮಾರು 3 ಕೆಜಿ 400 ಗ್ರಾಂ ಸಾರಜನಕ. ಎಕರೆಗೆ 5 ಕ್ವಿಂಟಲ್ ಬಂದರೆ 17 ಕೆಜಿ ಸಾರಜನಕ ಬರೀ ಕಾಳಿನಲ್ಲೇ ಹೊಲ ಬಿಟ್ಟು ಹೋಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಗಿಡ ಮೊದಲೇ ಎಲೆಯಲ್ಲಿ ಕೂಡಿಟ್ಟುಕೊಂಡಿರುತ್ತದೆ. ಕಾಯಿ ತುಂಬುವಾಗ ಎಲೆಯಿಂದ ಎಳೆದು ಕಾಯಿಗೆ ಕೊಡುತ್ತದೆ. ಅದಕ್ಕೇ ಕೊನೆಗೆ ಎಲೆ ಹಳದಿಯಾಗಿ ಉದುರೋದು. ಎಲೆಗೆ ಸ್ವಲ್ಪ ಸಾರಜನಕ ಹೊರಗಿಂದ ಸಿಕ್ಕರೆ ಅದು ಇನ್ನೂ ಕೆಲವು ದಿನ ಹಸಿರಾಗಿ ನಿಂತು ದುಡಿಯುತ್ತದೆ. ಎಲೆ ಸಿಂಪಡಣೆಯಿಂದ ಆಗುವ ಲಾಭ ಇಷ್ಟೇ. ಆದರೆ ಮಳೆಯಾಶ್ರಿತ ಹೊಲದಲ್ಲಿ ಈ "ಕೆಲವು ದಿನ" ದೊಡ್ಡದು.

ಗ್ರಾಂ ಲೆಕ್ಕ

ತೊಗರಿ ಎದೆಮಟ್ಟ ಬಂದಾಗ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. 16 ಲೀಟರಿನ ಬ್ಯಾಟರಿ ಪಂಪಿನಲ್ಲಿ ಹನ್ನೆರಡು ಹದಿಮೂರು ಟ್ಯಾಂಕ್. ಅದನ್ನೇ ಹಿಡಿದು ಲೆಕ್ಕ ಹಾಕೋಣ.

ಯೂರಿಯಾದಲ್ಲಿ ನೂರಕ್ಕೆ 46 ಸಾರಜನಕ. ಶೇ. 2ರ ದ್ರಾವಣ ಅಂದರೆ ಲೀಟರಿಗೆ 20 ಗ್ರಾಂ, ಟ್ಯಾಂಕಿಗೆ 320 ಗ್ರಾಂ, ಎಕರೆಗೆ 4 ಕೆಜಿ. ಸಾರಜನಕ ಹೋಗೋದು 1,840 ಗ್ರಾಂ. ಡಿಎಪಿಯಲ್ಲಿ 18 ಸಾರಜನಕ, 46 ರಂಜಕ. ಅದನ್ನೂ ಶೇ. 2ರಂತೆ ಎಕರೆಗೆ 4 ಕೆಜಿ ಹೊಡೆದರೆ ಸಾರಜನಕ 720 ಗ್ರಾಂ, ರಂಜಕ 1,840 ಗ್ರಾಂ. 19:19:19 ಪುಡಿಯನ್ನು ಲೀಟರಿಗೆ 10 ಗ್ರಾಂನಂತೆ 2 ಕೆಜಿ ಹೊಡೆದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ತಲಾ 380 ಗ್ರಾಂ. ಪಲ್ಸ್ ಮ್ಯಾಜಿಕ್ ಅನ್ನೋ ಪೋಷಕಾಂಶದ ಪುಡಿ ಎಕರೆಗೆ 2 ಕೆಜಿ. ಸಾರಜನಕ 200 ಗ್ರಾಂ, ರಂಜಕ 800 ಗ್ರಾಂ. ನ್ಯಾನೊ ಯೂರಿಯಾ ಅಂದರೆ ಬಹಳ ಸಣ್ಣ ಕಣದ, ಬಾಟಲಿಯಲ್ಲಿ ಬರುವ ದ್ರವ ಯೂರಿಯಾ. ಅದರ ಮೊದಲ ಬಾಟಲಿ ಶೇ. 4ರದ್ದು. ಅರ್ಧ ಲೀಟರಿನಲ್ಲಿ 20 ಗ್ರಾಂ. ಹೌದು, ಬರೀ 20 ಗ್ರಾಂ. ಈಚಿನ ಶೇ. 20ರ ಬಾಟಲಿ ತೆಗೆದುಕೊಂಡರೂ 100 ಗ್ರಾಂ ಆಸುಪಾಸು.

ಈಗ 17 ಕೆಜಿ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿ. ಇದ್ದುದರಲ್ಲಿ ಜಾಸ್ತಿ ಕೊಡುವ ಯೂರಿಯಾ ಕೂಡ ಅರ್ಧ ಕ್ವಿಂಟಲ್ ಕಾಳಿಗೆ ಬೇಕಾದಷ್ಟೇ ಸಾರಜನಕ ಕೊಡುತ್ತದೆ, ಅದೂ ಎಲ್ಲ ಎಲೆಯೊಳಗೆ ಹೋದರೆ. ಹಾಗಾಗಿ ಬಿತ್ತುವಾಗ ಹಾಕುವ ಗೊಬ್ಬರ ಬಿಟ್ಟು ಎಲೆಗೆ ಹೊಡೆದರಾಯ್ತು ಅನ್ನೋ ಮಾತು ನಡೆಯೋದಿಲ್ಲ. ಒಂದು ಎಕರೆಗೆ ಒಂದು ಚೀಲ ಡಿಎಪಿ ಬಿತ್ತನೆಯಲ್ಲೇ ಹೋಗಬೇಕು. 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇರುತ್ತದೆ. ಮಳೆಯಾಶ್ರಿತ ತೊಗರಿಯ ಶಿಫಾರಸಿಗೆ ಅದು ಹತ್ತಿರ ಹತ್ತಿರ ಸರಿಹೋಗುತ್ತದೆ. ಎಲೆ ಸಿಂಪಡಣೆ ಅದರ ಮೇಲಿನ ಒಗ್ಗರಣೆ.

ಯೂರಿಯಾ: ಸೋವಿ, ಚುರುಕು, ಆದರೆ ಸುಡುತ್ತದೆ

45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ. ಎಕರೆಗೆ ಬೇಕಾದ 4 ಕೆಜಿಗೆ 24 ರೂಪಾಯಿ ಆಗಬಹುದು. ಇದಕ್ಕಿಂತ ಸೋವಿ ಬೇರೆ ಯಾವುದೂ ಇಲ್ಲ. ಯೂರಿಯಾ ಕಣ ಸಣ್ಣದು, ಅದಕ್ಕೆ ವಿದ್ಯುತ್ ಆವೇಶ ಇಲ್ಲ. ಹಾಗಾಗಿ ಎಲೆಯ ಮೇಣದ ಪದರ ದಾಟಿ ಬೇಗ ಒಳಗೆ ಹೋಗುತ್ತದೆ. ಎಲೆ ಹಸಿಯಾಗಿದ್ದಷ್ಟು ಹೊತ್ತು ಜಾಸ್ತಿ ಹೀರುತ್ತದೆ. ಒಣಗಿ ಪುಡಿಯಾಗಿ ಎಲೆ ಮೇಲೆ ಕೂತರೆ ಕೆಲಸ ನಿಲ್ಲುತ್ತದೆ. ಅದಕ್ಕೇ ಇಳಿಹೊತ್ತಿನಲ್ಲಿ ಹೊಡೆಯಬೇಕು ಅನ್ನೋದು.

ನಾನು ಎಲೆ ಸುಟ್ಟುಕೊಂಡದ್ದು ಇದರಲ್ಲೇ. ಆ ವರ್ಷ ಒಂದು ಅಂಗಡಿಯಲ್ಲಿ "ಟ್ಯಾಂಕಿಗೆ ಎರಡು ಬೊಗಸೆ ಹಾಕ್ರಿ, ಜಾಸ್ತಿ ಹಾಕಿದಷ್ಟೂ ಹಸಿರು" ಅಂದರು. ತೂಕ ಮಾಡಲಿಲ್ಲ. ಬಕೆಟ್ಟಿನಲ್ಲಿ ಕೈಯಾಡಿಸಿ ಕರಗಿಸುವಾಗ ನೀರು ತಣ್ಣಗೆ ಕೊರೆಯಿತು. ಯೂರಿಯಾ ಕರಗುವಾಗ ನೀರಿನ ಬಿಸಿ ಎಳೆದುಕೊಳ್ಳುತ್ತದೆ. ಅಷ್ಟು ತಣ್ಣಗಾಗಿದ್ದೇ ಜಾಸ್ತಿ ಬಿತ್ತು ಅನ್ನೋದಕ್ಕೆ ಗುರುತು ಅಂತ ಆಗ ತಿಳಿಯಲಿಲ್ಲ. ಹನ್ನೊಂದು ಗಂಟೆ ಬಿಸಿಲಿನಲ್ಲಿ ಹೊಡೆದೆವು. ಮೂರನೇ ದಿನ ನೋಡಿದರೆ ಎಲೆಯ ಅಂಚು, ತುದಿ ಎಲ್ಲ ಹಂಚಿನ ಮೇಲೆ ಹೊತ್ತಿದ ರೊಟ್ಟಿಯ ಅಂಚಿನಂತೆ ಕಂದು. ಮುಟ್ಟಿದರೆ ಗರಗರ ಮುರಿಯುತ್ತಿತ್ತು. ಎಳೆ ಮೊಗ್ಗು ಕೂಡ ಉದುರಿದವು. ಹದಿನೈದು ದಿನದ ಹೂವು ಹೋಯಿತು.

ಆಮೇಲೆ ಕಲಿತದ್ದು ಎರಡು. ಒಂದು, ತಕ್ಕಡಿ ಇಲ್ಲದೆ ಯೂರಿಯಾ ಹೊಡೆಯಬಾರದು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮನೆಯಲ್ಲೇ 320 ಗ್ರಾಂನ ಹದಿಮೂರು ಪುಡಿಕೆ ಕಟ್ಟಿ ಹೊಲಕ್ಕೆ ಒಯ್ಯಿರಿ. ಎರಡು, ಯೂರಿಯಾದಲ್ಲಿ ಬೈಯುರೆಟ್ ಅನ್ನೋ ಒಂದು ಬೇಡದ ವಸ್ತು ಇರುತ್ತದೆ. ನಮ್ಮ ಗೊಬ್ಬರ ಕಾನೂನಿನಲ್ಲಿ ಅದು ಶೇ. 1.5ರವರೆಗೆ ಇರಬಹುದು. ಮಣ್ಣಿಗೆ ಹಾಕುವಾಗ ಅದರಿಂದ ತೊಂದರೆ ಕಡಿಮೆ. ಎಲೆಗೆ ಹೊಡೆದಾಗ ಅಂಚು ಸುಡೋದರಲ್ಲಿ ಅದರ ಪಾಲೂ ಇದೆ. ಬಿಸಿಲು ಚುರುಕಾಗಿದ್ದರೆ ಶೇ. 2ರ ಬದಲು 1.5ಕ್ಕೆ ಇಳಿಸೋದು ನನ್ನ ರೂಢಿ. ಟ್ಯಾಂಕಿಗೆ 240 ಗ್ರಾಂ ಆಗುತ್ತದೆ. 2015ರಿಂದ ಯೂರಿಯಾ ಎಲ್ಲ ಬೇವು ಲೇಪಿತವೇ. ಕರಗಿಸಿದಾಗ ಮೇಲೆ ಜಿಡ್ಡಿನ ಕೆನೆ ಕಾಣಬಹುದು. ಹಳೆ ಪಂಚೆಯಲ್ಲಿ ಸೋಸಿದರೆ ನಾಜಲ್ ಕಟ್ಟೋದಿಲ್ಲ.

ಯಾವಾಗ ಯೂರಿಯಾ? ಕೆಳಗಿನ ಹಳೆ ಎಲೆಗಳು ತಿಳಿ ಹಳದಿಯಾಗಿ, ಗಿಡ ಬಡವಾಗಿ ನಿಂತಿದ್ದರೆ, ಹೂವಿಗೆ ಇನ್ನೂ ಹತ್ತು ಹದಿನೈದು ದಿನ ಇದ್ದರೆ. ಕಡಲೆಗೂ ಇದೇ ಶೇ. 2ರ ಯೂರಿಯಾ ಹೂ ಬರುವಾಗ ಹೊಡೆಯಲು ಹೇಳುತ್ತಾರೆ. ಹಿಂಗಾರಿ ಕಡಲೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ತೊಗರಿ ಈಗಾಗಲೇ ಕಡು ಹಸಿರಾಗಿ ಆಳೆತ್ತರ ಬೆಳೆದಿದ್ದರೆ ಯೂರಿಯಾ ಮುಟ್ಟಬೇಡಿ. ಅದು ಮತ್ತೆ ಕುಡಿ ಎಳೆಯುತ್ತದೆ, ಹೂ ಮುಂದಕ್ಕೆ ಹೋಗುತ್ತದೆ, ಮೆತ್ತಗಿನ ಚಿಗುರಿಗೆ ಕೀಡಿ ಜಾಸ್ತಿ ಬರುತ್ತದೆ.

ಹಳದಿ ಎಲ್ಲ ಸಾರಜನಕದ ಕೊರತೆ ಅಲ್ಲ

ಇದನ್ನು ನಡುವೆಯೇ ಹೇಳಬೇಕು, ಯಾಕೆಂದರೆ ಬಹಳ ದುಡ್ಡು ಇಲ್ಲೇ ಹಾಳಾಗುತ್ತದೆ. ಕೆಳ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ್ದು. ಸುಣ್ಣ ಜಾಸ್ತಿ ಇರುವ ನಮ್ಮ ಎರೆಯಲ್ಲಿ ಇದು ಹೊಸದೇನಲ್ಲ. ಅದಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ ಸ್ವಲ್ಪ ಸಿಟ್ರಿಕ್ ಆಮ್ಲ. ಯೂರಿಯಾ ಹೊಡೆದರೆ ಏನೂ ಪ್ರಯೋಜನ ಆಗೋದಿಲ್ಲ.

ಗಿಡ ಅಲ್ಲಲ್ಲಿ ಒಂದೊಂದೇ ಬಾಡಿ ಹಳದಿಯಾಗುತ್ತಿದ್ದರೆ? ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಕಪ್ಪು ಗೆರೆ ಕಂಡರೆ ನೆಟೆ ಹಾಯ್ದಿದೆ. ಅದು ಮಣ್ಣಿನಿಂದ ಬರುವ ಶಿಲೀಂಧ್ರ, ಗಿಡದ ನೀರಿನ ನಾಳ ಕಟ್ಟಿಬಿಡುತ್ತದೆ. ಆ ಗಿಡಕ್ಕೆ ಎಲೆಯ ಮೇಲೆ ಏನು ಹೊಡೆದರೂ ವಾಪಸ್ ಬರೋದಿಲ್ಲ. ಅಂಥ ಹೊಲದವರು ಗೊಬ್ಬರದ ದುಡ್ಡು ಉಳಿಸಿ, ಮುಂದಿನ ವರ್ಷ ಬೆಳೆ ಬದಲಿಸಿ. ಆಮೇಲೆ ಟಿಎಸ್-3ಆರ್, ಜಿಆರ್‌ಜಿ-811ರಂಥ ನೆಟೆ ತಡೆಯುವ ತಳಿ ಹಾಕಿ. ಎಲೆ ಚಿಕ್ಕದಾಗಿ, ಮಚ್ಚೆ ಮಚ್ಚೆಯಾಗಿ, ಹೂವೇ ಬಿಡದೆ ಪೊದೆಯಾಗಿದ್ದರೆ ಗೊಡ್ಡು ರೋಗ. ಅದಕ್ಕೂ ಸಾರಜನಕ ಮದ್ದಲ್ಲ.

ಡಿಎಪಿ: ಹೂವಿನ ಹೊತ್ತಿಗೆ ಒಳ್ಳೆಯದು, ಕೆಲಸ ಮಾತ್ರ ಜಾಸ್ತಿ

ಶೇ. 2ರ ಡಿಎಪಿ ಹಳೆಯ ಶಿಫಾರಸು. ದ್ವಿದಳ ಬೆಳೆಗಳಿಗೆ ಹೂ ಬರುವಾಗ ಹೊಡೆಯಲು ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ರಂಜಕ ಇರುವುದರಿಂದ ಹೂವಿಗೆ, ಕಾಯಿಗೆ ಒಳ್ಳೆಯದು. ಸಾರಜನಕ ಹದವಾಗಿ ಸಿಗುತ್ತದೆ, ಗಿಡ ಸೊಕ್ಕೋದಿಲ್ಲ. ಚೀಲಕ್ಕೆ 1,350 ರೂಪಾಯಿ ಅಂದರೆ ಎಕರೆಗೆ 4 ಕೆಜಿಗೆ 108 ರೂಪಾಯಿ.

ತೊಂದರೆ ಕರಗಿಸೋದರಲ್ಲಿ. ಹಿಂದಿನ ರಾತ್ರಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಸಿದುಕೊಂಡು ಎರಡು ಸಲ ಸೋಸಬೇಕು. ತಳದಲ್ಲಿ ಉಳಿಯುವ ಗಸಿ ಪಂಪಿಗೆ ಹೋದರೆ ಅರ್ಧ ದಿನ ನಾಜಲ್ ಬಿಚ್ಚೋದರಲ್ಲೇ ಹೋಗುತ್ತದೆ. ಗಸಿಯನ್ನು ಚೆಲ್ಲಬೇಡಿ, ತಿಪ್ಪೆಗೆ ಸುರಿಯಿರಿ. ಬೋರಿನ ಗಡಸು ನೀರಿನಲ್ಲಿ ರಂಜಕ ಸುಣ್ಣದ ಜೊತೆ ಸೇರಿ ಬಿಳಿ ಪುಡಿಯಾಗಿ ಕೂರುತ್ತದೆ. ಕೃಷಿ ಹೊಂಡದ ಮಳೆ ನೀರು ಸಿಕ್ಕರೆ ಅದನ್ನೇ ಬಳಸಿ. ಸತು, ಕಬ್ಬಿಣದ ಸಲ್ಫೇಟ್‌ಗಳನ್ನು ಡಿಎಪಿ ಜೊತೆ ಬೆರೆಸಲೇಬಾರದು, ಎರಡೂ ಕೆಡುತ್ತವೆ.

ಪಲ್ಸ್ ಮ್ಯಾಜಿಕ್: ನಮ್ಮ ನೆಲಕ್ಕೇ ಮಾಡಿದ್ದು

ಇದು ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ್ದು. ಶೇ. 10 ಸಾರಜನಕ, ಶೇ. 40 ರಂಜಕ, ಶೇ. 3 ಲಘು ಪೋಷಕಾಂಶ, ಜೊತೆಗೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಬೆಳವಣಿಗೆ ಪ್ರಚೋದಕ. ಲೀಟರಿಗೆ 10 ಗ್ರಾಂ, ಅಂದರೆ ಟ್ಯಾಂಕಿಗೆ 160 ಗ್ರಾಂ. ಹೂ ಬರುವ ಹೊತ್ತಿಗೆ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ.

ಸಾರಜನಕದ ಲೆಕ್ಕದಲ್ಲಿ ಇದು ಯೂರಿಯಾದ ಹತ್ತಿರಕ್ಕೂ ಬರೋದಿಲ್ಲ. ಹಾಗಾದರೆ ನಾನು ಯಾಕೆ ಇದನ್ನೇ ಮೊದಲು ಹೇಳುತ್ತೇನೆ? ತೊಗರಿಯ ದೊಡ್ಡ ಕಾಟ ಹೂ ಉದುರೋದು. ಬೆಳಿಗ್ಗೆ ಸಾಲಿನಲ್ಲಿ ನಡೆದರೆ ನೆಲವೆಲ್ಲ ಹಳದಿ. ಬಿಟ್ಟ ಹೂವಿನಲ್ಲಿ ಬಹುಪಾಲು ಕಾಯಾಗದೆ ಉದುರುತ್ತವೆ. ಇದು ಈ ಬೆಳೆಯ ಗುಣವೇ. ಹೊರಗೆ ತೇವ ಕಡಿಮೆಯಾದಾಗ ಇನ್ನೂ ಜಾಸ್ತಿ. ಆ ಹೊತ್ತಿಗೆ ಬೇಕಾದದ್ದು ಸಾರಜನಕ ಒಂದೇ ಅಲ್ಲ. ರಂಜಕ ಬೇಕು. ಸತು, ಬೋರಾನ್‌ನಂಥ ಚಿಟಿಕೆ ವಸ್ತುಗಳು ಬೇಕು. ಹೂವಿನ ತೊಟ್ಟನ್ನು ಹಿಡಿದಿಡುವ ಪ್ರಚೋದಕ ಬೇಕು. ಇವೆಲ್ಲ ಒಂದೇ ಪುಡಿಯಲ್ಲಿ ಸಿಗುತ್ತವೆ, ಬೇರೆ ಬೇರೆ ಬೆರೆಸಿ ಕೆಡಿಸಿಕೊಳ್ಳುವ ಭಯ ಇಲ್ಲ. ನಮ್ಮ ಹೊಲದಲ್ಲಿ ಹೊಡೆದ ಸಾಲಿಗೂ ಬಿಟ್ಟ ಸಾಲಿಗೂ ಕಾಯಿಯ ಗೊಂಚಲಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಂಡದ್ದು ಇದರಲ್ಲೇ.

ಕಷ್ಟ ಏನೆಂದರೆ ಬೇಕಾದಾಗ ಸಿಗೋದಿಲ್ಲ. ಹೂವಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ದಸರೆಗೆ ಮೊದಲೇ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಂದಿಟ್ಟುಕೊಳ್ಳಿ. ಕಲಬುರಗಿಯವರಿಗೆ ಆಳಂದ ರಸ್ತೆಯಲ್ಲಿದೆ. ಬೀದರ್, ಯಾದಗಿರಿ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಸಿಗಲಿಲ್ಲವೇ? ಶೇ. 2ರ ಡಿಎಪಿ ಹೊಡೆಯಿರಿ. ಹೂವಿನ ದಿನ ದಾಟಿ ಕಾಯುವುದಕ್ಕಿಂತ ಅದು ಮೇಲು.

19:19:19 ಬಗ್ಗೆ ಹೆಚ್ಚು ಹೇಳೋದಿಲ್ಲ. ಚೆನ್ನಾಗಿ ಕರಗುತ್ತದೆ, ನಾಜಲ್ ಕಟ್ಟೋದಿಲ್ಲ, ಎಲೆ ಸುಡೋದು ಕಡಿಮೆ. ಗಿಡ ಇನ್ನೂ ಬೆಳೆಯುವ ಹಂತದಲ್ಲಿ, ಆಗಸ್ಟ್‌ನಲ್ಲಿ ಮಳೆ ಜಾಸ್ತಿಯಾಗಿ ನೀರು ನಿಂತು ಬಡಕಲಾಗಿದ್ದರೆ ಸುಧಾರಿಸಲು ಒಳ್ಳೆಯದು. ಹೂವಿಗೆ ಅಂತಲೇ ಆದರೆ ಇದಕ್ಕೆ ಕೊಡುವ ದುಡ್ಡಿಗೆ ಡಿಎಪಿ ಸಾಕು.

ನ್ಯಾನೊ ಯೂರಿಯಾ

2021ರಲ್ಲಿ ಗೊಬ್ಬರದ ಸಹಕಾರ ಸಂಸ್ಥೆ ಇಫ್ಕೊ ಇದನ್ನು ಮಾರುಕಟ್ಟೆಗೆ ತಂದಾಗ ಅರ್ಧ ಲೀಟರಿನ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಅಂತ ಪ್ರಚಾರವಾಯಿತು. ಒಂದು ಚೀಲದಲ್ಲಿ 20 ಕೆಜಿ 700 ಗ್ರಾಂ ಸಾರಜನಕ ಇದೆ, ಆ ಬಾಟಲಿಯಲ್ಲಿ 20 ಗ್ರಾಂ. ಕಣ ಎಷ್ಟೇ ಸಣ್ಣದಾಗಿದ್ದರೂ, ಒಂದೂ ಹನಿ ಹಾಳಾಗದೆ ಎಲೆಯೊಳಗೆ ಹೋದರೂ, 20 ಗ್ರಾಂ 20 ಗ್ರಾಮೇ ಅಲ್ವಾ? ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ, ಗೋಧಿಯಲ್ಲಿ ಯೂರಿಯಾ ಕಡಿಮೆ ಮಾಡಿ ಇದನ್ನು ಹೊಡೆದು ನೋಡಿದಾಗ ಇಳುವರಿ ಇಳಿಯಿತು.

ತೊಗರಿಗೆ ಯೂರಿಯಾ ಚೀಲದ ಹಂಗೇ ಕಡಿಮೆ. ಹಾಗಾಗಿ ನಷ್ಟ ಅಷ್ಟು ಕಣ್ಣಿಗೆ ಬೀಳೋದಿಲ್ಲ. ಸಿಂಪಡಿಸಿದ ಮೇಲೆ "ಹಸಿರಾಯ್ತು" ಅನ್ನೋದು ಸುಲಭ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತೊಗರಿಗೆ ಅಂತ ದುಡ್ಡು ಕೊಟ್ಟು ಇದನ್ನು ತರಬೇಡಿ. ಡಿಎಪಿ ಚೀಲದ ಜೊತೆ ಬಾಟಲಿಯನ್ನೂ ಕಟ್ಟಿಕೊಟ್ಟ ಅಂಗಡಿ ನಾನು ನೋಡಿದ್ದೇನೆ, ಬೇಡ ಅಂದರೂ ಕೇಳಲಿಲ್ಲ. ಹಾಗೆ ಮನೆಗೆ ಬಂದಿದ್ದರೆ ಹೊಡೆಯಿರಿ, ಕೆಡುಕಿಲ್ಲ. ಆದರೆ ಅದನ್ನು ನಂಬಿ ಬಿತ್ತನೆ ಗೊಬ್ಬರ ಕಡಿಮೆ ಮಾಡಬೇಡಿ. 2023ರಲ್ಲಿ ಬಂದ ನ್ಯಾನೊ ಡಿಎಪಿಯ ಅರ್ಧ ಲೀಟರಿನಲ್ಲಿ 40 ಗ್ರಾಂ ಸಾರಜನಕ, 80 ಗ್ರಾಂ ರಂಜಕ. ಅದಕ್ಕೂ ಇದೇ ಮಾತು.

ಮಣ್ಣಿಗೇ ಹಾಕಿದರೆ?

ಅಕ್ಟೋಬರ್‌ನಲ್ಲಿ ಎರೆ ಹೊಲದ ಮೇಲೆ ಯೂರಿಯಾ ಎರಚೋದು ದುಡ್ಡನ್ನು ಗಾಳಿಗೆ ತೂರಿದಂತೆ. ನಮ್ಮ ಮಣ್ಣು ಕ್ಷಾರ. ಒಳಗಿಳಿಸುವಷ್ಟು ಮಳೆ ಬರದೆ ಮೇಲ್ಮೈಯಲ್ಲೇ ಉಳಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ನೀರು ಕಟ್ಟುವ ಅನುಕೂಲ ಇದ್ದವರ ಮಾತು ಬೇರೆ. ಶಹಾಪುರ, ಸುರಪುರ ಕಡೆ ಕಾಲುವೆ ನೀರು ಸಿಗುವವರು, ಹನಿ ನೀರಾವರಿಯಲ್ಲಿ ತೊಗರಿ ಬೆಳೆಯುವವರು ಹೂವಿಗೆ ಮೊದಲು ಒಂದು ನೀರು ಕೊಟ್ಟರೆ ಅದೇ ದೊಡ್ಡ ಗೊಬ್ಬರ. ಮಣ್ಣಲ್ಲಿರೋದು ಬೇರಿಗೆ ತಾನೇ ಸಿಗುತ್ತದೆ. ಅವರಿಗೆ ಪಲ್ಸ್ ಮ್ಯಾಜಿಕ್ ಒಂದು ಸಲ ಸಾಕು, ಯೂರಿಯಾ ಬೇಡವೇ ಬೇಡ.

ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು ಇರುವ ಹೊಲಗಳಲ್ಲಿ ತೇವ ಬೇಗ ಆರುತ್ತದೆ. ಅಲ್ಲಿ ಎರೆ ಹೊಲದವರಂತೆ ಕಾಯಬಾರದು. ಮೊಗ್ಗು ಕಂಡ ಕೂಡಲೇ ಮೊದಲ ಸಿಂಪಡಣೆ ಆಗಬೇಕು. ಸೋಯಾ, ಹೆಸರು, ಉದ್ದಿನ ನಡುವೆ ತೊಗರಿ ಸಾಲು ಇಟ್ಟವರಿಗೆ ಒಂದು ಅನುಕೂಲ ಇದೆ. ಆ ಬೆಳೆಗಳ ರಾಶಿ ಆದ ಮೇಲೆ ನಡುವೆ ಓಡಾಡಲು ಜಾಗ ಸಿಗುತ್ತದೆ. ಸಸಿ ನಾಟಿ ಮಾಡಿ ತೊಗರಿ ಬೆಳೆದವರಿಗೂ ಅಷ್ಟೇ.

ದುಡ್ಡು ಕೊಡದೆ ಆಗುವ ಒಂದು ಕೆಲಸವೂ ಇದೆ. ಬಿತ್ತಿ 45ರಿಂದ 50 ದಿನಕ್ಕೆ ಕುಡಿ ಚಿವುಟೋದು. ಪಕ್ಕದ ಕವಲು ಜಾಸ್ತಿ ಒಡೆಯುತ್ತವೆ, ಹೂ ಬಿಡುವ ಜಾಗ ಜಾಸ್ತಿಯಾಗುತ್ತದೆ. ಕುಡಿಯನ್ನೂ ಚಿವುಟದೆ ಬರೀ ಸಿಂಪಡಣೆ ನಂಬಿದವರಿಗೆ ಅರ್ಧ ಫಲ ಮಾತ್ರ.

ಆಲಿವ್ ಬೆಳೆಯುವವರು ಕಲಿಸುವ ಪಾಠ

ಸ್ಪೇನ್‌ನಲ್ಲಿ ಆಲಿವ್ ಮರಗಳಿಗೂ ಎಲೆಗೆ ಯೂರಿಯಾ ಹೊಡೆಯುತ್ತಾರೆ. ಅಲ್ಲೂ ಬಹಳ ತೋಟ ಮಳೆಯಾಶ್ರಿತ, ಬೇಸಿಗೆಯಲ್ಲಿ ಮಣ್ಣು ಒಣಗುತ್ತದೆ, ಬೇರಿಗೆ ಗೊಬ್ಬರ ಸಿಗೋದಿಲ್ಲ. ನಮ್ಮದೇ ಕಷ್ಟ. ಬೈಯುರೆಟ್ ಕಡಿಮೆ ಇರುವ ಯೂರಿಯಾ ಆರಿಸುತ್ತಾರೆ. ಕೊರ್ಡೊಬಾದಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದವರು ಕಂಡದ್ದು ಇದು: ಕೊರತೆ ಇಲ್ಲದ ಮರಕ್ಕೆ ಸಾರಜನಕ ಜಾಸ್ತಿ ಕೊಟ್ಟರೆ ಎಣ್ಣೆಯ ಗುಣವೇ ಇಳಿಯುತ್ತದೆ. ಎಣ್ಣೆಗೆ ಕಹಿ, ಬಾಳಿಕೆ ಕೊಡುವ ಪಾಲಿಫಿನಾಲ್ ಕಡಿಮೆಯಾಗುತ್ತದೆ. ನಮ್ಮ ಕುಸುಬೆಗೂ ಇದನ್ನು ನೆನಪಿಡಬೇಕು. ಎಣ್ಣೆಕಾಳಿಗೆ ಸಾರಜನಕ ಮಿತಿಮೀರಿದರೆ ಕಾಳಿನಲ್ಲಿ ಪ್ರೋಟೀನ್ ಏರಿ ಎಣ್ಣೆಯ ಪಾಲು ಇಳಿಯುತ್ತದೆ. ಕುಸುಬೆಗೆ ಸುಮ್ನೆ ಯೂರಿಯಾ ಹೊಡೆಯುವವರಿಗೆ ನಾನು ಬೇಡ ಅನ್ನೋದು ಇದಕ್ಕೇ.

ಹೊಡೆಯುವ ದಿನ

ಸಂಜೆ ನಾಲ್ಕೂವರೆಯ ಮೇಲೆ, ಗಾಳಿ ಕಡಿಮೆ ಇದ್ದಾಗ. ಬೆಳಿಗ್ಗೆ ಹೊಡೆಯುವುದಾದರೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಒಂಬತ್ತರೊಳಗೆ ಮುಗಿಸಿ. ಜೇನು ಹೂವಿನ ಮೇಲೆ ಓಡಾಡುವ ಹೊತ್ತು ಬಿಟ್ಟುಕೊಡಿ, ಅದರಲ್ಲೂ ಕೀಟನಾಶಕ ಬೆರೆಸಿದ್ದರೆ. ಕಳೆನಾಶಕ ಹೊಡೆದ ಪಂಪನ್ನು ಬಳಸಲೇಬೇಡಿ. ತೊಳೆದರೂ ಉಳಿದ ಹನಿ ತೊಗರಿಯನ್ನು ಮುರುಟಿಸುತ್ತದೆ.

ಗೊಬ್ಬರ, ಕೀಟನಾಶಕ ಒಟ್ಟಿಗೆ ಹೊಡೆದರೆ ಒಂದು ಕೂಲಿ ಉಳಿಯುತ್ತದೆ, ನಿಜ. ಮೊದಲು ಗಾಜಿನ ಬಾಟಲಿಯಲ್ಲಿ ಅದೇ ಅಳತೆಯಲ್ಲಿ ಬೆರೆಸಿ ಅರ್ಧ ಗಂಟೆ ಇಡಿ. ಹಾಲಿನಂತೆ ಒಡೆದರೆ, ತಳಕ್ಕೆ ಪುಡಿ ಕೂತರೆ, ಬಿಸಿಯಾದರೆ ಬೇಡ. ಮೂರು ನಾಲ್ಕು ವಸ್ತು ಒಂದೇ ಟ್ಯಾಂಕಿಗೆ ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿಯಾಗಿದೆ. ನಾನು ಎರಡಕ್ಕಿಂತ ಜಾಸ್ತಿ ಬೆರೆಸೋದಿಲ್ಲ.

ಡ್ರೋನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ತೊಗರಿ ಕವಲು ಹೆಣೆದುಕೊಂಡ ಮೇಲೆ ಒಳಗೆ ಹೋಗೋದು ಕಷ್ಟ, ಹಾವಿನ ಭಯ ಬೇರೆ. ಹಾಗಾಗಿ ಡ್ರೋನ್ ಬೇಕು ಅನಿಸೋದು ಸಹಜ. ಆದರೆ ಡ್ರೋನ್ ಎಕರೆಗೆ ಹಾಕೋದು ಸುಮಾರು 10 ಲೀಟರ್ ನೀರು. 4 ಕೆಜಿ ಯೂರಿಯಾವನ್ನು 10 ಲೀಟರಿಗೆ ಹಾಕಿದರೆ ಲೀಟರಿಗೆ 400 ಗ್ರಾಂ. ಎಲೆ ಉಳಿಯೋದಿಲ್ಲ. ಪಲ್ಸ್ ಮ್ಯಾಜಿಕ್ ಕೂಡ ಲೀಟರಿಗೆ 200 ಗ್ರಾಂ ಆಗುತ್ತದೆ. ಡ್ರೋನನ್ನು ಕೀಟನಾಶಕಕ್ಕೆ ಇಟ್ಟುಕೊಳ್ಳಿ. ಗೊಬ್ಬರದ ಸಿಂಪಡಣೆಗೆ ಬಿತ್ತುವಾಗಲೇ ಎಂಟು ಹತ್ತು ಸಾಲಿಗೊಂದು ಓಡಾಡುವ ದಾರಿ ಬಿಡಿ.

ನನ್ನ ಆಯ್ಕೆ

ಮಳೆಯಾಶ್ರಿತ ಎರೆ ಹೊಲ, ಗಿಡ ಹದವಾಗಿ ಹಸಿರಾಗಿದೆ, ಕೈಯಲ್ಲಿ ದುಡ್ಡು ಕಡಿಮೆ: ಹೂ ಬರುವಾಗ ಪಲ್ಸ್ ಮ್ಯಾಜಿಕ್ ಒಂದೇ ಸಲ. ದುಡ್ಡಿದ್ದರೆ 15 ದಿನಕ್ಕೆ ಇನ್ನೊಂದು. ಗಿಡ ಬಡಕಲು, ಕೆಳ ಎಲೆ ಹಳದಿ: ಮೊಗ್ಗಿಗೆ ಮೊದಲೇ ಶೇ. 1.5ರ ಯೂರಿಯಾ, ಹೂವಿಗೆ ಪಲ್ಸ್ ಮ್ಯಾಜಿಕ್ ಇಲ್ಲವೇ ಡಿಎಪಿ. ಗಿಡ ಸೊಕ್ಕಿ ಬೆಳೆದಿದೆ: ಸಾರಜನಕದ ಮಾತೇ ಬೇಡ, ಕೀಡಿ ಕಡೆ ಕಣ್ಣಿಡಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ಲೆಕ್ಕದಲ್ಲಿ ಎಕರೆಗೆ 25 ಕೆಜಿ ಜಾಸ್ತಿ ಬಂದರೆ 2,000 ರೂಪಾಯಿ. ಕೂಲಿ, ಗೊಬ್ಬರ ಸೇರಿ ಖರ್ಚು ಅದಕ್ಕಿಂತ ಕಡಿಮೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಹೊಡೆಯುವಾಗ ಹೊಲದ ನಡುವೆ ನಾಲ್ಕು ಸಾಲು ಹಾಗೇ ಬಿಡಿ. ಅಂಚಿನ ಸಾಲು ಬೇಡ, ಅಲ್ಲಿ ಬಿಸಿಲು ಗಾಳಿ ಜಾಸ್ತಿ ಸಿಕ್ಕು ಕಾಯಿ ತಾನೇ ಜಾಸ್ತಿ ಇರುತ್ತದೆ. ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ. ಎಳ್ಳು ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಮನೆಯವರೆಲ್ಲ ಹೊಲಕ್ಕೆ ಹೋಗುತ್ತೀರಲ್ಲ, ಊಟವಾದ ಮೇಲೆ ಹೊಡೆದ ಸಾಲಿನಲ್ಲಿ ಐದು ಗಿಡ, ಬಟ್ಟೆ ಕಟ್ಟಿದ ಸಾಲಿನಲ್ಲಿ ಐದು ಗಿಡ ಆರಿಸಿ ಕಾಯಿ ಎಣಿಸಿ. ಮಕ್ಕಳಿಗೆ ಹೇಳಿದರೆ ಅವರೇ ಎಣಿಸುತ್ತಾರೆ. ಅಂಕಿಗಳನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.